ಹಡಗಿನೊಳಗಿನ ಗೋಡೆ

ಚೀನದ ಫುಜಿಯಾನ್ ಪ್ರಾಂತ್ಯದ ಕ್ವಾನ್‌ಝೌ ಹಳೆಯ ಕಾಲದ ದೊಡ್ಡ ಬಂದರು. ಅಲ್ಲಿನ ಹೌಝು ರೇವಿನ ಕೆಸರಿನಿಂದ 1974ರಲ್ಲಿ ಒಂದು ಹಡಗನ್ನು ಅಗೆದು ತೆಗೆದರು. ಸಾಂಗ್ ಅರಸರ ಕೊನೆಗಾಲದಲ್ಲಿ, ಅಂದರೆ ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮುಳುಗಿದ ಹಡಗು ಅದು. ಮೇಲ್ಭಾಗವೆಲ್ಲ ಕೊಳೆತು ಹೋಗಿತ್ತು. ಉಳಿದಿದ್ದು 24 ಮೀಟರಿಗೂ ತುಸು ಹೆಚ್ಚು ಉದ್ದದ, 9 ಮೀಟರ್ ಅಗಲದ ಒಡಲು ಮಾತ್ರ. ಹಡಗಿಗೆ ಬೆನ್ನೆಲುಬಿನಂತಿರುವ ಅಡಿತೊಲೆಯ ತುಂಡುಗಳು ಒಂದಕ್ಕೊಂದು ಕೂಡುವ ಕಡೆ ನೋಡಿದರೆ, ಮರದ ಮುಖದಲ್ಲಿ ಏಳು ಪುಟ್ಟ ಗುಳಿಗಳನ್ನು ಕೊರೆದಿದ್ದರು. ಅವುಗಳ ಜೋಡಣೆ ಆಕಾಶದ ಸಪ್ತರ್ಷಿ ಮಂಡಲದಂತೆ. ಗುಳಿಗಳಲ್ಲಿ ನಾಣ್ಯಗಳಿದ್ದವು. ಅವುಗಳ ಕೆಳಗೆ ಒಂದು ದೊಡ್ಡ ಗುಳಿ, ಅದರೊಳಗೆ ದುಂಡನೆಯ ಕಂಚಿನ ಕನ್ನಡಿ. ಏಳು ನಕ್ಷತ್ರಗಳ ಜೊತೆಗೆ ಹುಣ್ಣಿಮೆಯ ಚಂದ್ರ.

ನಮ್ಮಲ್ಲಿ ಮನೆಯ ಪಾಯಕ್ಕೆ ನಾಣ್ಯ, ನವರತ್ನ ಹಾಕಿ ಕಲ್ಲು ಮುಚ್ಚುತ್ತಾರಲ್ಲ, ಅಂಥದೇ ಕೆಲಸ. ತೊಲೆಗಳನ್ನು ಒಮ್ಮೆ ಕೂಡಿಸಿದ ಮೇಲೆ ಆ ನಕ್ಷತ್ರಗಳನ್ನು ಯಾರೂ ನೋಡುವಂತಿರಲಿಲ್ಲ. ಹಡಗಿನ ಯಜಮಾನನೂ ನೋಡಲಾರ, ಅದನ್ನು ಇಟ್ಟ ಬಡಗಿಯೂ ಮತ್ತೆ ನೋಡಲಾರ. ಹಡಗು ಮುಳುಗಿ ಒಡೆದರಷ್ಟೇ ಅವು ಬೆಳಕಿಗೆ ಬರಬೇಕು.

ಚೀನದ ಸಮುದ್ರಯಾನದ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಈ ಮುಚ್ಚಿದ ನಕ್ಷತ್ರಗಳು. ಜಗತ್ತಿಗೆ ನೆನಪಾಗುವುದು ಬೇರೆ: ಮಿಂಗ್ ಚಕ್ರವರ್ತಿ ಯೊಂಗ್ಲೆ ಕಳಿಸಿದ ಮಹಾ ನೌಕಾಪಡೆ ಮತ್ತು ಅದರ ದಳಪತಿ ಝೆಂಗ್ ಹೆ. ಯುನ್ನಾನ್‌ನ ಮುಸ್ಲಿಂ ಮನೆತನದಲ್ಲಿ 1371ರಲ್ಲಿ ಹುಟ್ಟಿದ ಹುಡುಗ, ಮಿಂಗ್ ಸೈನ್ಯಕ್ಕೆ ಸೆರೆಸಿಕ್ಕು ನಪುಂಸಕನಾಗಿ ಅರಮನೆಯ ಊಳಿಗಕ್ಕೆ ಬಿದ್ದವನು, ರಾಜಕುಮಾರನೊಬ್ಬನ ನಂಬಿಕೆ ಗಳಿಸಿ ಅವನೇ ಚಕ್ರವರ್ತಿಯಾದಾಗ ದಳಪತಿಯಾದವನು. 1405ರಿಂದ 1433ರವರೆಗೆ ಏಳು ಬಾರಿ ಆ ಪಡೆ ಹೊರಟಿತು. ಮಲಾಕ್ಕಾ, ಸುಮಾತ್ರಾ, ಸಿಂಹಳ, ಕಲ್ಲಿಕೋಟೆ, ಹೋರ್ಮುಜ್, ಏಡನ್, ಆಫ್ರಿಕದ ಪೂರ್ವ ಕರಾವಳಿ: ಇವೆಲ್ಲ ಅದರ ತಂಗುದಾಣಗಳು. ಮೊದಲ ಯಾನದಲ್ಲೇ ದೊಡ್ಡ ಹಡಗುಗಳು 62, ಜನ 27,800ಕ್ಕೂ ಹೆಚ್ಚು ಎಂದು ಮಿಂಗ್ ಇತಿಹಾಸ ಹೇಳುತ್ತದೆ.

ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಆ ಹಡಗುಗಳು ಎಷ್ಟು ದೊಡ್ಡವು?

ಅದೇ ಇತಿಹಾಸದ ಪ್ರಕಾರ ಉದ್ದ 44 ಝಾಂಗ್, ಅಗಲ 18 ಝಾಂಗ್. ಇಂದಿನ ಅಳತೆಯಲ್ಲಿ ಉದ್ದ 135 ಮೀಟರ್ ದಾಟುತ್ತದೆ, ಅಗಲ 55 ಮೀಟರಿನ ಆಸುಪಾಸು. ಈ ಅಂಕಿಯನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಮರದ ಹಡಗು ಅಷ್ಟು ಉದ್ದವಾದರೆ ಅಲೆಯ ಮೇಲೆ ನಡು ಉಬ್ಬಿ ತುದಿಗಳು ಜೋಲುತ್ತವೆ, ಮರುಗಳಿಗೆಯಲ್ಲಿ ನಡು ಕುಸಿದು ತುದಿಗಳು ಏಳುತ್ತವೆ. ಹೀಗೆ ಬಾಗಿ ಬಾಗಿ ಸಂದುಗಳೆಲ್ಲ ಬಾಯಿ ಬಿಡುತ್ತವೆ. ಮರದ ಗುಣ ಬಲ್ಲವರು ಎತ್ತುವ ಆಕ್ಷೇಪ ಇದು. ನಾನ್‌ಜಿಂಗ್‌ನಲ್ಲಿ ಆ ಹಡಗುಗಳನ್ನು ಕಟ್ಟಿದ ಕಾರ್ಖಾನೆಯ ಕೊಳಗಳು ಇನ್ನೂ ಇವೆ. ಅವುಗಳಲ್ಲಿ ಆರನೆಯದನ್ನು 2003-04ರಲ್ಲಿ ಅಗೆದರು. ಅದರ ಉದ್ದ 400 ಮೀಟರಿಗೂ ಹೆಚ್ಚು, ಅಗಲ ಸುಮಾರು 41 ಮೀಟರ್. 55 ಮೀಟರ್ ಅಗಲದ ಹಡಗು ಅಲ್ಲಿ ಹಿಡಿಸುವುದಿಲ್ಲ. ಹಾಗೆಂದು ಚಿಕ್ಕ ಹಡಗುಗಳೆಂದು ತಳ್ಳಿಹಾಕುವಂತೆಯೂ ಇಲ್ಲ. 1957ರಲ್ಲಿ ಅದೇ ಜಾಗದಲ್ಲಿ ಸಿಕ್ಕ ಚುಕ್ಕಾಣಿಯ ಕಂಬದ ಉದ್ದ 11.07 ಮೀಟರ್, ಅಂದರೆ ಮೂರಂತಸ್ತಿನ ಮನೆಯಷ್ಟು ಎತ್ತರ. ಅರುವತ್ತು, ಎಪ್ಪತ್ತು ಮೀಟರ್ ಉದ್ದದ ಹಡಗುಗಳಿದ್ದಿರಬೇಕು ಎಂಬ ಲೆಕ್ಕ ನನಗೆ ಸರಿಯೆನಿಸುತ್ತದೆ. ಆ ಕಾಲಕ್ಕೆ ಅದೇ ಬಹಳ ದೊಡ್ಡದು.

ಆದರೆ ಈ ಉದ್ದಗಲದ ಚರ್ಚೆಯಲ್ಲಿ ನಾವು ಹಡಗನ್ನು ಹೊರಗಿನಿಂದಲೇ ನೋಡುತ್ತಾ ನಿಂತುಬಿಡುತ್ತೇವೆ. ಅದರ ನಿಜವಾದ ಬೆರಗು ಒಳಗಿದೆ. ಕೈಬತ್ತಿ ಹಿಡಿದು ಸರಕಿನ ಮಾಳಿಗೆಗೆ ಇಳಿದಂತೆ ನಾವೂ ಒಳಗೆ ಇಳಿಯೋಣ.

ಕ್ವಾನ್‌ಝೌ ಹಡಗಿನ ಒಳಗೆ ಅಡ್ಡಕ್ಕೆ ಹನ್ನೆರಡು ಗೋಡೆಗಳಿದ್ದವು. ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಕೂರಿಸಿ, ಒಡಲಿನ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಎಬ್ಬಿಸಿದ ಗೋಡೆಗಳು. ಹನ್ನೆರಡು ಗೋಡೆ ಎಂದರೆ ಹದಿಮೂರು ಕೋಣೆ. ಒಂದು ಕೋಣೆಗೆ ಬಂದ ನೀರು ಪಕ್ಕದ ಕೋಣೆಗೆ ಹೋಗದಂತೆ ಪ್ರತಿ ಗೋಡೆಯ ಪ್ರತಿ ಸಂದನ್ನೂ ಬಿಗಿದಿದ್ದರು. ಬಿದಿರಿನ ಗಳುವನ್ನು ಉದ್ದಕ್ಕೆ ಸೀಳಿ ನೋಡಿದವರಿಗೆ ಇದು ತಕ್ಷಣ ತಿಳಿಯುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಒಂದೊಂದು ಮುಚ್ಚಿದ ಕೋಣೆ. ಒಂದು ಕಡೆ ಹುಳ ಕೊರೆದು ನೀರಿಳಿದರೂ ಮುಂದಿನ ಗೆಣ್ಣು ಒಣಗಿಯೇ ಇರುತ್ತದೆ. ಬಿದಿರನ್ನು ನೋಡಿಯೇ ಚೀನದ ಬಡಗಿಗಳು ಇದನ್ನು ಕಲಿತರು ಎನ್ನುತ್ತಾರೆ. ಬಿದಿರಿಲ್ಲದೆ ಒಂದು ದಿನವೂ ಕಳೆಯದ ನಾಡಿನಲ್ಲಿ ಹಾಗಾಗಿರುವುದು ಸಹಜ ಎಂದೇ ನನಗೂ ತೋರುತ್ತದೆ. ಜಿಯಾಂಗ್ಸು ಪ್ರಾಂತ್ಯದ ರುಗಾವೊದಲ್ಲಿ 1973ರಲ್ಲಿ ಸಿಕ್ಕ ತಾಂಗ್ ಕಾಲದ ಹಡಗಿನಲ್ಲೂ ಒಂಬತ್ತು ಕೋಣೆಗಳಿದ್ದವು. ಝೆಂಗ್ ಹೆಯ ಕಾಲಕ್ಕೆ ಈ ವಿದ್ಯೆ ಹಲವು ನೂರು ವರ್ಷ ಹಳೆಯದಾಗಿತ್ತು ಎಂದಾಯಿತು.

ಈ ಗೋಡೆ ಒಂದಲ್ಲ, ಮೂರು ಕೆಲಸ ಮಾಡುತ್ತದೆ. ಬಂಡೆಗೆ ತಾಗಿ ತಳ ಒಡೆದರೆ ಒಂದೇ ಕೋಣೆ ತುಂಬುತ್ತದೆ, ಹಡಗು ತೇಲುತ್ತಲೇ ಇರುತ್ತದೆ. ಆ ಕೋಣೆಯ ಸರಕನ್ನು ಪಕ್ಕಕ್ಕೆ ಸಾಗಿಸಿ, ನೀರು ಮೊಗೆದು, ಒಡೆದ ಜಾಗವನ್ನು ಒಳಗಿನಿಂದ ಮುಚ್ಚಲು ಸಮಯ ಸಿಗುತ್ತದೆ. ಎರಡನೆಯದು, ಅಲೆಗಳು ಎರಡು ಮಗ್ಗುಲಿನಿಂದ ಅಮುಕಿದಾಗ ಒಡಲು ಚಪ್ಪಟೆಯಾಗದಂತೆ ಈ ಗೋಡೆ ಸೆಟೆದು ನಿಲ್ಲುತ್ತದೆ. ಹಾಯಿ ಕಟ್ಟುವ ಕೂವೆಮರದ ಬುಡಕ್ಕೂ ಅದೇ ಆನಿಕೆ. ಮೂರನೆಯದು ವ್ಯಾಪಾರದ ಅನುಕೂಲ. ಸರಕು ಉರುಳಾಡುವುದಿಲ್ಲ, ಒಬ್ಬನ ಮಾಲು ಇನ್ನೊಬ್ಬನ ಮಾಲಿನೊಂದಿಗೆ ಬೆರೆಯುವುದಿಲ್ಲ. ಕ್ವಾನ್‌ಝೌ ಹಡಗಿನ ಕೋಣೆಗಳಲ್ಲಿ ಸುವಾಸನೆಯ ಮರ, ಕರಿಮೆಣಸು, ಅಡಿಕೆ, ಧೂಪದ್ರವ್ಯಗಳ ಜೊತೆಗೆ ಮಾಲಿನ ಗುರುತು ಬರೆದ ಪುಟ್ಟ ಮರದ ಫಲಕಗಳೂ ಸಿಕ್ಕವು. ಇಂದಿನ ಪಾರ್ಸೆಲ್ ಚೀಟಿಯ ಹಾಗೆ.

ಗೋಡೆಯ ಬುಡದಲ್ಲಿ, ಅಡಿತೊಲೆಯ ಹತ್ತಿರ, ಅಂಗೈ ಅಗಲದ ಒಂದು ಕಿಂಡಿಯನ್ನೂ ಬಿಟ್ಟಿರುತ್ತಿದ್ದರು. ನೀರು ತಡೆಯುವ ಗೋಡೆಗೆ ಕಿಂಡಿ ಯಾಕೆ ಎಂದು ಕೇಳಬೇಕಾದ್ದೇ. ಮರದ ಹಡಗಿನಲ್ಲಿ ದಿನವೂ ಅಷ್ಟಿಷ್ಟು ನೀರು ಜಿನುಗುತ್ತದೆ. ಹದಿಮೂರು ಕೋಣೆಯಲ್ಲಿ ಹದಿಮೂರು ಜನ ಮೊಗೆಯುತ್ತ ಕೂರಲಾಗದು. ಕಿಂಡಿಗಳ ಮೂಲಕ ಅದು ತಗ್ಗಿನ ಕೋಣೆಗೆ ಹರಿದು ಬಂದರೆ ಅಲ್ಲಿಂದ ಮೊಗೆದು ಚೆಲ್ಲಬಹುದು. ಅಪಾಯ ಬಂದಾಗ ಕಿಂಡಿಗೆ ಬೆಣೆ ಬಡಿದರೆ ಗೋಡೆ ಮತ್ತೆ ಗೋಡೆಯೇ. ಕಲಿತವನ ಕೈಗೂ ಪಳಗಿದವನ ಕೈಗೂ ಇರುವ ಅಂತರ ಈ ಕಿಂಡಿಯಲ್ಲಿ ಕಾಣುತ್ತದೆ.

ಈಗ ಸಂದುಗಳ ಮಾತು. ಇಡೀ ವಿದ್ಯೆಯ ಜೀವ ಇರುವುದು ಇಲ್ಲಿ.

ಎಷ್ಟೇ ನಯವಾಗಿ ಕೀಸಿದರೂ ಎರಡು ಹಲಗೆಗಳ ನಡುವೆ ಕೂದಲೆಳೆಯ ಸಂದಿ ಉಳಿಯುತ್ತದೆ. ಅದನ್ನು ಮುಚ್ಚುವ ಬಗೆಯನ್ನು ಸೊಂಗ್ ಯಿಂಗ್‌ಶಿಂಗ್ ಎಂಬಾತ 1637ರಲ್ಲಿ ಅಚ್ಚಾದ 'ತಿಯಾನ್‌ಗೊಂಗ್ ಕೈವು' ಎಂಬ ಕಸುಬುಗಳ ಗ್ರಂಥದಲ್ಲಿ ವಿವರಿಸಿದ್ದಾನೆ. ಮೊದಲು ಬಿಳಿಯ ನಾರನ್ನು ಕೊಚ್ಚಿ ಹತ್ತಿಯಂತೆ ಹಿಂಜಬೇಕು. ಅದನ್ನು ಮೊಂಡು ಉಳಿಯಿಂದ ಸಂದಿನೊಳಗೆ ತುರುಕಬೇಕು. ಉಳಿ ಮೊಂಡೇ ಆಗಿರಬೇಕು. ಹರಿತವಾಗಿದ್ದರೆ ನಾರನ್ನು ಒತ್ತುವ ಬದಲು ಕತ್ತರಿಸಿಬಿಡುತ್ತದೆ. ಆಮೇಲೆ ಜರಡಿ ಹಿಡಿದ ನುಣ್ಣನೆಯ ಸುಣ್ಣಕ್ಕೆ ತುಂಗ್ ಎಣ್ಣೆ ಬೆರೆಸಿ, ಒನಕೆಯಲ್ಲಿ ಕುಟ್ಟಿ ಕುಟ್ಟಿ ಮುದ್ದೆ ಮಾಡಿ ಮೇಲಿಂದ ಮೆತ್ತಬೇಕು. ದಕ್ಷಿಣದ ಕರಾವಳಿಯಲ್ಲಿ ಕಲ್ಲುಸುಣ್ಣಕ್ಕೆ ಬದಲು ಸಮುದ್ರದ ಚಿಪ್ಪು ಸುಟ್ಟ ಸುಣ್ಣ ಬಳಸುತ್ತಾರೆ ಎಂದೂ ಅವನು ಹೇಳುತ್ತಾನೆ. ಚಿಪ್ಪಿನ ಸುಣ್ಣದ ಬೆಲೆ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ತುಂಗ್ ಎಣ್ಣೆ ಎಂಬುದು ಚೀನದ ಒಂದು ಮರದ ಬೀಜದಿಂದ ಗಾಣದಲ್ಲಿ ಹಿಂಡಿದ ಎಣ್ಣೆ. ತೆಂಗಿನೆಣ್ಣೆಯಂತೆ ಇದು ಜಿಡ್ಡಾಗಿಯೇ ಉಳಿಯುವುದಿಲ್ಲ. ಗಾಳಿ ಕುಡಿದು ಗಟ್ಟಿಯಾಗುತ್ತದೆ, ನೀರು ಹತ್ತದ ಪೊರೆಯಾಗುತ್ತದೆ. ಸುಣ್ಣದೊಂದಿಗೆ ಸೇರಿದಾಗ ಎರಡೂ ರಾಸಾಯನಿಕವಾಗಿ ಬೆಸೆದುಕೊಂಡು ಗಾರೆಯಂತೆ ಬಿಗಿಯುತ್ತವೆ. ಬರೀ ಗಾರೆಯಾದರೆ ಅಲೆಗೆ ಬಿರುಕು ಬಿಟ್ಟೀತು. ಒಳಗಿನ ನಾರು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಕಲಸುವ ನಮ್ಮ ಹಿರಿಯರ ಬುದ್ಧಿಯೇ ಇದು. ಹದ ತಪ್ಪಿದರೆ ಮಾತ್ರ ಎಲ್ಲ ಕೆಟ್ಟಿತು. ಎಣ್ಣೆ ಹೆಚ್ಚಾದರೆ ಲೇಪ ಇಳಿಯುತ್ತದೆ, ಸುಣ್ಣ ಹೆಚ್ಚಾದರೆ ಉದುರುತ್ತದೆ, ಕುಟ್ಟಿದ್ದು ಸಾಲದಿದ್ದರೆ ಒಳಗೆ ಗಂಟು ಉಳಿದು ಅಲ್ಲಿಂದಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಸರಿಯಾದ ಹದ ತಿಳಿಯುವುದು ಬೆರಳಿಗೆ. ಅಳತೆಯ ಪಾತ್ರೆಗೆ ಅದು ತಿಳಿಯುವುದಿಲ್ಲ.

1290ರ ದಶಕದಲ್ಲಿ ಇದೇ ಕ್ವಾನ್‌ಝೌದಿಂದ ಹಡಗು ಹತ್ತಿದ ಮಾರ್ಕೋ ಪೋಲೋ ಈ ಎಲ್ಲವನ್ನೂ ಗಮನಿಸಿದ್ದ. ಒಳಗಿನ ಹದಿಮೂರರಷ್ಟು ಕೋಣೆಗಳು, ಜೋಡಿ ಹಲಗೆಯ ಹೊರಮೈ, ಕಬ್ಬಿಣದ ಮೊಳೆ, ಕೊಚ್ಚಿದ ನಾರಿಗೆ ಸುಣ್ಣ ಮತ್ತು ಮರದ ಎಣ್ಣೆ ಸೇರಿಸಿ ಕುಟ್ಟಿದ ಅಂಟು, ಎಲ್ಲ ಅವನ ಬರಹದಲ್ಲಿವೆ. ಹಡಗು ಹಳೆಯದಾದರೆ ಹಳೆಯ ಹಲಗೆ ಕೀಳದೆ ಅದರ ಮೇಲೆ ಇನ್ನೊಂದು ಪದರ ಹೊದಿಸುತ್ತಾರೆ ಎಂದೂ ಅವನು ಬರೆದಿದ್ದಾನೆ. ಕ್ವಾನ್‌ಝೌ ಹಡಗಿನ ಮೈಯಲ್ಲಿ ಎರಡು, ಮೂರು ಪದರದ ಹಲಗೆಗಳು ಸಿಕ್ಕಿದಾಗ ಅವನ ಮಾತಿಗೆ ಸಾಕ್ಷಿ ದೊರೆತಂತಾಯಿತು.

ಅರಬ್ಬಿ ಸಮುದ್ರದ ನಮ್ಮ ಕಡೆಯ ಹಡಗುಗಳ ರೀತಿ ಬೇರೆಯಿತ್ತು. ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹೊಲಿದ ಹಡಗು ಅಲೆಗೆ ಬಾಗುತ್ತದೆ, ದಡಕ್ಕೆ ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ. ಅದೂ ಒಂದು ದೊಡ್ಡ ವಿದ್ಯೆಯೇ. ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಬೇಕಾಗಿಲ್ಲ. 1340ರ ದಶಕದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಹಾದು ಕಲ್ಲಿಕೋಟೆಗೆ ಬಂದ ಇಬ್ನ್ ಬತೂತ ಎರಡನ್ನೂ ಕಂಡವನು. ಕಲ್ಲಿಕೋಟೆಯಲ್ಲಿ ಆಗ ಹದಿಮೂರು ಚೀನೀ ಹಡಗುಗಳು ಲಂಗರು ಹಾಕಿದ್ದವು. ಅವುಗಳ ಹಾಯಿಗಳು ಬಿದಿರಿನ ಸೀಳುಗಳಿಂದ ಚಾಪೆಯಂತೆ ಹೆಣೆದವು ಎಂದು ಅವನು ಬರೆದ. ನಾವಿಕರು ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಯುತ್ತಾರೆ ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು.

ಆ ಚಾಪೆಯ ಹಾಯಿಯನ್ನು ತುಸು ನೋಡಬೇಕು. ಹಾಯಿಗೆ ಅಡ್ಡಲಾಗಿ ಮೇಲಿಂದ ಕೆಳಗೆ ಬಿದಿರಿನ ಗಳುಗಳನ್ನು ಕಟ್ಟಿರುತ್ತಾರೆ. ಹಗ್ಗ ಸಡಿಲಿಸಿದರೆ ಕಿಟಕಿಗೆ ಹಾಕುವ ಬಿದಿರಿನ ತಟ್ಟಿಯಂತೆ ಪಟ್ಟಿ ಪಟ್ಟಿಯಾಗಿ ತನ್ನ ಭಾರಕ್ಕೆ ತಾನೇ ಮಡಚಿ ಕೆಳಗಿಳಿಯುತ್ತದೆ. ಬಿರುಗಾಳಿಯಲ್ಲಿ ಯಾರೂ ಕೂವೆಮರ ಹತ್ತಿ ಪ್ರಾಣ ಪಣಕ್ಕಿಡಬೇಕಾಗಿಲ್ಲ. ಬಟ್ಟೆಯ ಹಾಯಿ ಒಂದು ಕಡೆ ಹರಿದರೆ ಉದ್ದಕ್ಕೂ ಸೀಳಿಹೋಗುತ್ತದೆ. ಇಲ್ಲಿ ಹರಿದದ್ದು ಗಳುವಿನ ಹತ್ತಿರ ಬಂದು ನಿಲ್ಲುತ್ತದೆ. ಗಾಳಿಯ ಲೆಕ್ಕವನ್ನೂ ಸೊಂಗ್ ಯಿಂಗ್‌ಶಿಂಗ್ ಕೊಡುತ್ತಾನೆ: ತುದಿಯ ಒಂದು ಮಡಿಕೆಯ ಬಲ ಬುಡದ ಮೂರು ಮಡಿಕೆಗೆ ಸಮ. ಎತ್ತರದಲ್ಲಿ ಗಾಳಿ ಜೋರು ಎಂಬುದನ್ನು ನಾವಿಕನ ತೋಳು ಅಳೆದು ಹೇಳಿದ ಮಾತು.

ಚುಕ್ಕಾಣಿ ಹಡಗಿನ ಹಿಂಬದಿಯ ನಡುವೆ ತೂಗುತ್ತಿತ್ತು. ಗುವಾಂಗ್‌ಝೌದ ಹಾನ್ ಕಾಲದ ಗೋರಿಯೊಂದರಲ್ಲಿ ಸಿಕ್ಕ ಮಣ್ಣಿನ ದೋಣಿಯ ಬೊಂಬೆಯಲ್ಲೇ ಅಂಥ ಚುಕ್ಕಾಣಿ ಇದೆ. ಆಳದ ನೀರಿನಲ್ಲಿ ಅದನ್ನು ಕೆಳಗಿಳಿಸಬಹುದು, ನದಿಯ ಮುಖದಲ್ಲಿ ತಳ ತಾಗುವಂತಿದ್ದರೆ ಮೇಲೆತ್ತಬಹುದು. ಆ 11 ಮೀಟರಿನ ಕಂಬವನ್ನು ಏರಿಳಿಸಲು ಎಷ್ಟು ಜನ ರಾಟೆಗೆ ಎದೆಗೊಟ್ಟಿರಬೇಕು ಎಂದು ಓದುಗರು ಊಹಿಸಿಕೊಳ್ಳಲಿ.

ಹಡಗು ಕಟ್ಟುವುದು ಅರ್ಧ ವಿದ್ಯೆ. ದಿಕ್ಕು ಕಾಣುವುದು ಇನ್ನರ್ಧ. ದಾರಿ ನೋಡುವವನನ್ನು ಚೀನೀಯರು 'ಹುವೊಝಾಂಗ್' ಎನ್ನುತ್ತಿದ್ದರು. ಅವನ ಮುಂದೆ ಒಂದು ಬಟ್ಟಲು ನೀರು, ನೀರಿನಲ್ಲಿ ತೇಲುವ ಕಾಂತದ ಸೂಜಿ, ಬಟ್ಟಲಿನ ಸುತ್ತ 24 ದಿಕ್ಕುಗಳ ಗುರುತು. ಹಡಗಿನಲ್ಲಿ ಸೂಜಿ ಬಳಸುವುದನ್ನು ಝು ಯು ಎಂಬಾತ 1119ರಷ್ಟು ಹಿಂದೆಯೇ ದಾಖಲಿಸಿದ್ದಾನೆ. ರಾತ್ರಿ ನಕ್ಷತ್ರ, ಹಗಲು ಸೂರ್ಯ, ಮೋಡ ಮುಸುಕಿದರೆ ಸೂಜಿ, ಇದು ಅವನು ಹೇಳುವ ಕ್ರಮ. ಅದೇ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಇನ್ನೊಂದು ವಿವರವಿದೆ. ಉದ್ದದ ಹಗ್ಗಕ್ಕೆ ಕೊಕ್ಕೆ ಕಟ್ಟಿ ಸಮುದ್ರದ ತಳದ ಕೆಸರನ್ನು ಮೇಲೆತ್ತಿ, ಮೂಸಿ ನೋಡಿ, ಎಲ್ಲಿದ್ದೇವೆಂದು ಹೇಳುತ್ತಿದ್ದರಂತೆ. ಮೊದಲ ಮಳೆಯ ಮಣ್ಣಿನ ವಾಸನೆಯಿಂದಲೇ ಹೊಲದ ಗುಣ ಹೇಳುವ ರೈತರನ್ನು ಬಲ್ಲ ನಮಗೆ ಇದು ನಂಬಲಾರದ ಮಾತೇನಲ್ಲ.

ಹೊತ್ತು ಅಳೆಯಲು ಊದುಬತ್ತಿ ಇತ್ತು. ಹಗಲು ರಾತ್ರಿ ಸೇರಿ ಹತ್ತು ಭಾಗ, ಒಂದು ಭಾಗಕ್ಕೆ 'ಗೆಂಗ್' ಎಂದು ಹೆಸರು, ಎಂದರೆ ಎರಡೂಕಾಲು ತಾಸಿಗಿಂತ ತುಸು ಹೆಚ್ಚು. ಬತ್ತಿ ಉರಿದು ಮುಗಿದಷ್ಟೂ ಗೆಂಗ್ ಕಳೆಯಿತು. ಒಂದು ಗೆಂಗ್‌ನಲ್ಲಿ ಹಡಗು ಹೋಗುವ ದೂರ ಚೀನದ ಅಳತೆಯಲ್ಲಿ ಸಾಮಾನ್ಯವಾಗಿ 60 ಲಿ. ಹಾಗಾಗಿ ದಾರಿಯ ಸೂಚನೆಗಳೆಲ್ಲ ಇಂಥ ಸೂಜಿಯ ದಿಕ್ಕಿನಲ್ಲಿ ಇಷ್ಟು ಗೆಂಗ್ ಹೋಗಿ, ಇಂಥ ಗುಡ್ಡ ಕಾಣುತ್ತದೆ ಎಂಬ ಧಾಟಿಯಲ್ಲಿರುತ್ತವೆ. ದೂರವನ್ನು ಹೊತ್ತಿನಲ್ಲಿ ಹೇಳುವುದು ನಡೆದು ಓಡಾಡುವವರ ಹಳೆಯ ರೂಢಿ. ಎರಡು ಎಲೆಯಡಿಕೆ ಜಗಿಯುವಷ್ಟು ದಾರಿ ಎಂದು ನಮ್ಮ ಹಳ್ಳಿಯವರು ಹೇಳುತ್ತಿದ್ದಂತೆ.

ಭೂಮಿ ಕಣ್ಮರೆಯಾದ ನಡುಗಡಲಿನಲ್ಲಿ ನಕ್ಷತ್ರವನ್ನು ಅಳೆಯಬೇಕಾಗುತ್ತಿತ್ತು. ಅದಕ್ಕೆ ಕರಿಮರದ ಹನ್ನೆರಡು ಚೌಕ ಹಲಗೆಗಳು, ಅತಿ ದೊಡ್ಡದು ಗೇಣಿಗಿಂತ ತುಸು ಹೆಚ್ಚು, ಅತಿ ಚಿಕ್ಕದು ಎರಡು ಬೆರಳಿಗೂ ಕಡಿಮೆ. ನಾವಿಕ ತೋಳು ಚಾಚಿ ಒಂದು ಹಲಗೆಯನ್ನು ನೆಟ್ಟಗೆ ಹಿಡಿಯುತ್ತಾನೆ. ಹಲಗೆಯ ಕೆಳಗಿನ ಅಂಚು ಕಡಲಂಚಿಗೆ ಕೂಡಬೇಕು, ಮೇಲಿನ ಅಂಚು ಧ್ರುವನಕ್ಷತ್ರಕ್ಕೆ ತಾಗಬೇಕು. ತಾಗದಿದ್ದರೆ ಬೇರೆ ಹಲಗೆ. ಯಾವ ಹಲಗೆ ಸರಿಹೊಂದಿತೋ ಅಷ್ಟು 'ಬೆರಳು' ಎತ್ತರ. ಅಳತೆಯ ಹೆಸರೇ ಬೆರಳು. ಒಂದು ಬೆರಳೆಂದರೆ ಇಂದಿನ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಅರಬ್ ನಾವಿಕರೂ ನಕ್ಷತ್ರವನ್ನು ಬೆರಳಿನಲ್ಲೇ ಅಳೆಯುತ್ತಿದ್ದರು. ಯಾರಿಂದ ಯಾರು ಕಲಿತರೆಂಬುದಕ್ಕಿಂತ, ಇಬ್ಬರೂ ತೋಳು ಚಾಚಿ ಒಂದೇ ನಕ್ಷತ್ರದ ಕಡೆ ಬೆರಳು ಹಿಡಿದಿದ್ದರು ಎಂಬುದೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ.

ಈ ಎಲ್ಲ ತಿಳಿವಳಿಕೆ ಒಂದು ಉದ್ದನೆಯ ನಕ್ಷೆಯಲ್ಲಿ ಉಳಿದಿದೆ. ಮಾವೊ ಯುವಾನ್‌ಯಿ 1620ರ ದಶಕದಲ್ಲಿ ಹೊರತಂದ ಯುದ್ಧವಿದ್ಯೆಯ ಗ್ರಂಥದಲ್ಲಿ ಅದು ಅಚ್ಚಾಗಿದೆ. ನಾನ್‌ಜಿಂಗ್‌ನಿಂದ ಆಫ್ರಿಕದವರೆಗಿನ ದಾರಿಯನ್ನು ಒಂದೇ ಪಟ್ಟಿಯಂತೆ ಎಳೆದು, ಗೆರೆಗಳ ಮೇಲೆ ಸೂಜಿಯ ದಿಕ್ಕು, ಗೆಂಗ್‌ಗಳ ಲೆಕ್ಕ ಬರೆದಿದ್ದಾರೆ. ಕೊನೆಯಲ್ಲಿ ನಕ್ಷತ್ರ ಅಳೆಯುವ ನಾಲ್ಕು ಚಿತ್ರಗಳಿವೆ. ನಮ್ಮ ಪಶ್ಚಿಮ ಕರಾವಳಿಯ ಊರುಗಳ ಸಾಲಿನಲ್ಲಿ ವಿದ್ವಾಂಸರು ಮಂಗಳೂರೆಂದು ಗುರುತಿಸಿದ ಹೆಸರೂ ಇದೆ.

ಏಳನೆಯ ಯಾನದ ಒಂದು ಜನಗಣತಿ ಉಳಿದುಬಂದಿದೆ, ಒಟ್ಟು 27,550 ಮಂದಿ. ಅಧಿಕಾರಿಗಳು, ಸೈನಿಕರು ಇರುವುದು ಸರಿಯೇ. ಅವರ ಹಿಂದೆಯೇ ದಾರಿಗಾರರು, ಚುಕ್ಕಾಣಿಯವರು, ಲಂಗರಿನವರು, ದುಭಾಷಿಗಳು, ಲೆಕ್ಕ ಬರೆಯುವವರು, ವೈದ್ಯರು, ಲಂಗರು ಬಡಿಯುವ ಕಮ್ಮಾರರು, ಮತ್ತೆ ಬಡಗಿಗಳು, ಸಂದು ತುಂಬುವವರು. ನಾರು ತುರುಕಿ ಸುಣ್ಣ ಮೆತ್ತುವವನಿಗೂ ಚಕ್ರವರ್ತಿಯ ಪಡೆಯ ಪಟ್ಟಿಯಲ್ಲಿ ಕಸುಬಿನ ಹೆಸರಿನಲ್ಲೇ ಜಾಗವಿತ್ತು. ಇರಲೇಬೇಕಿತ್ತು. ಆ ಯಾನದಲ್ಲಿ ಪಡೆ ಫುಜಿಯಾನ್‌ನ ನದೀಮುಖದಿಂದ 1432ರ ಜನವರಿಯಲ್ಲಿ ಹೊರಟು ಕಲ್ಲಿಕೋಟೆಗೆ ಬಂದದ್ದು ಡಿಸೆಂಬರ್‌ನಲ್ಲಿ, ಹೋರ್ಮುಜ್ ಮುಟ್ಟಿದ್ದು 1433ರ ಜನವರಿಯಲ್ಲಿ. ಮಾರುತ ತಿರುಗುವವರೆಗೆ ಬಂದರಿನಲ್ಲಿ ಕಾಯುವುದು ಆ ಕಾಲದ ಬದುಕು. ಆ ತಿಂಗಳುಗಳಲ್ಲಿ ಹಡಗಿನ ಸಂದುಗಳು ಬಿಸಿಲಿಗೆ ಬಾಯಿ ಬಿಡುತ್ತವೆ, ಹುಳು ತಿನ್ನುತ್ತದೆ. ಉಳಿ ಹಿಡಿದವನಿಗೆ ಬಿಡುವೆಂಬುದು ಇದ್ದಿರಲಾರದು.

ಇಷ್ಟು ದೊಡ್ಡ ಪಡೆ ಯಾಕೆ ಹೊರಟಿತು ಎಂಬುದಕ್ಕೆ ಚಿಕ್ಕ ಉತ್ತರ: ಚಕ್ರವರ್ತಿಯ ಹಿರಿಮೆಯನ್ನು ದೂರದ ಅರಸರು ಒಪ್ಪಿ ಕಾಣಿಕೆ ಕಳಿಸಲಿ, ಅವರಿಗೆ ಉಡುಗೊರೆ ಕೊಡೋಣ, ವ್ಯಾಪಾರ ನಡೆಯಲಿ ಎಂದು. ಸೈನ್ಯ ಜೊತೆಗಿತ್ತು, ಅದನ್ನು ಬಳಸಿದ್ದೂ ಉಂಟು. 1407ರಲ್ಲಿ ಪಾಲೆಂಬಾಂಗ್‌ನ ಕಡಲುಗಳ್ಳರ ಮುಖಂಡನನ್ನು ಹಿಡಿದರು, 1411ರಲ್ಲಿ ಸಿಂಹಳದ ದೊರೆ ಅಳಕೇಶ್ವರನನ್ನು ಸೆರೆಹಿಡಿದು ಚೀನಕ್ಕೆ ಒಯ್ದರು. ಈ ಯಾನಗಳನ್ನು ಬರೀ ಸ್ನೇಹಯಾತ್ರೆ ಎಂದು ಬಣ್ಣಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಆದರೂ ಈ ರಾಜತಂತ್ರದಲ್ಲೂ ಕೈಗೆಲಸದ ನಯ ಇತ್ತು. 1409ರ ತಾರೀಖಿರುವ ಒಂದು ಶಿಲಾಶಾಸನವನ್ನು ನಾನ್‌ಜಿಂಗ್‌ನಲ್ಲೇ ಕೆತ್ತಿಸಿ ಸಿಂಹಳಕ್ಕೆ ತಂದು ನಿಲ್ಲಿಸಿದರು. ಗಾಲೆ ಊರಿನಲ್ಲಿ 1911ರಲ್ಲಿ ಅದು ಮತ್ತೆ ಸಿಕ್ಕಿತು, ಈಗ ಕೊಲಂಬೊ ವಸ್ತುಸಂಗ್ರಹಾಲಯದಲ್ಲಿದೆ. ಒಂದೇ ಕಲ್ಲಿನಲ್ಲಿ ಮೂರು ಭಾಷೆ. ಚೀನೀ ಭಾಷೆಯಲ್ಲಿ ಬುದ್ಧನಿಗೆ ಕಾಣಿಕೆ, ತಮಿಳಿನಲ್ಲಿ ತೆನವರೈ ನಾಯನಾರ್ ಎಂಬ ವಿಷ್ಣುವಿಗೆ, ಪಾರ್ಸಿಯಲ್ಲಿ ಅಲ್ಲಾಹನಿಗೆ. ಮೂರಕ್ಕೂ ಕಾಣಿಕೆ ಸರಿಸುಮಾರು ಒಂದೇ. ಹೋಗುವ ಊರಿನ ಜನ ಯಾರು, ಯಾವ ದೇವರು, ಯಾವ ಲಿಪಿ ಎಂದು ವಿಚಾರಿಸಿ, ಅದಕ್ಕೆ ತಕ್ಕ ಲಿಪಿಕಾರರನ್ನು ಹುಡುಕಿಯೇ ಉಳಿ ಹಿಡಿದಿದ್ದಾರೆ.

ಕಲ್ಲಿಕೋಟೆಯ ವ್ಯಾಪಾರವನ್ನು ಕಣ್ಣಾರೆ ಕಂಡು ಬರೆದವನು ಮಾ ಹುವಾನ್. 1413ರ ನಾಲ್ಕನೆಯ ಯಾನದಲ್ಲಿ ದುಭಾಷಿಯಾಗಿ ಸೇರಿದವನು. ನಿಗದಿಯಾದ ದಿನ ಅರಸನ ಅಧಿಕಾರಿಗಳು, ದಲ್ಲಾಳಿ, ಲೆಕ್ಕಿಗ, ಚೀನದ ಅಧಿಕಾರಿ ಎಲ್ಲ ಕೂಡುತ್ತಿದ್ದರು. ರೇಷ್ಮೆಯ ಒಂದೊಂದೇ ಬಗೆ ತೆಗೆದು ಬೆಲೆ ಮಾತಾಡುತ್ತಿದ್ದರು. ಕುದುರಿದ ಮೇಲೆ ಎಲ್ಲರೂ ಕೈ ಕೈ ಹಿಡಿಯಬೇಕು. ಹಿಡಿದಾದ ಮೇಲೆ ಬೆಲೆ ಏರಿದರೂ ಇಳಿದರೂ ಯಾರೂ ಮಾತು ಬದಲಿಸುವಂತಿಲ್ಲ. ಆಮೇಲೆ ಊರಿನ ಸಾಹುಕಾರರು ಮುತ್ತು, ಹರಳು ತರುತ್ತಿದ್ದರು. ಅವುಗಳ ಬೆಲೆ ತೀರ್ಮಾನವಾಗಲು ಒಂದರಿಂದ ಮೂರು ತಿಂಗಳು ಬೇಕಾಗುತ್ತಿತ್ತು. ಮಣಿಚೌಕಟ್ಟು ಇಲ್ಲದೆ, ಕೈಕಾಲಿನ ಇಪ್ಪತ್ತು ಬೆರಳಿನಲ್ಲೇ ಎಣಿಸಿ ಒಂದು ಕಾಸೂ ತಪ್ಪದೆ ಲೆಕ್ಕ ಒಪ್ಪಿಸುವ ಮಲಬಾರಿನವರನ್ನು ಕಂಡು ಮಾ ಹುವಾನ್ ಬೆರಗಾದ. ಬೆರಗು ಎರಡೂ ಕಡೆ ಇತ್ತು ಎಂಬುದನ್ನು ಮರೆಯಬಾರದು.

1433ರ ನಂತರ ಆ ಪಡೆ ಮತ್ತೆ ಹೊರಡಲಿಲ್ಲ. ಚಕ್ರವರ್ತಿಗಳ ಗಮನ ಉತ್ತರದ ಗಡಿಯ ಕಡೆಗಿತ್ತು, ಖರ್ಚನ್ನು ಸಹಿಸದ ಮಂತ್ರಿಗಳಿದ್ದರು. ಹತ್ತು ವರ್ಷದ ಬಳಿಕ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಕಲ್ಲಿಕೋಟೆಗೆ ಬಂದು, ಮಂಗಳೂರಿನ ಮೇಲೆ ವಿಜಯನಗರದ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಹೋದ. ಕಲ್ಲಿಕೋಟೆಯ ಗಟ್ಟಿಗ ನಾವಿಕರನ್ನು ಜನ 'ಚೀನೀ ಬಚ್ಚಗಾನ್', ಚೀನೀ ಮಕ್ಕಳು, ಎಂದು ಕರೆಯುತ್ತಾರೆ ಎಂದು ಅವನು ದಾಖಲಿಸಿದ. ಹಡಗುಗಳು ಬರುವುದು ನಿಂತಿತ್ತು, ಹೆಸರು ಉಳಿದಿತ್ತು.

ಗೋಡೆಯ ವಿದ್ಯೆಯೂ ಉಳಿಯಿತು. 1780ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಚೀನೀಯರಂತೆ ಹಡಗಿನ ಒಳಗನ್ನು ನೀರಿಳಿಯದ ಕೋಣೆಗಳಾಗಿ ಭಾಗಿಸಬೇಕೆಂದು ಬರೆದ. ಇಂದು ಮಂಗಳೂರಿನ ನವಬಂದರಿಗೆ ಬರುವ ಉಕ್ಕಿನ ಹಡಗುಗಳ ಒಡಲಲ್ಲೂ ಆ ಅಡ್ಡಗೋಡೆಗಳಿವೆ. ಫುಜಿಯಾನ್‌ನ ಕೆಲವು ಕಡಲೂರುಗಳಲ್ಲಿ ಮಾತ್ರ ಮರದಲ್ಲೇ, ನಾರು ಸುಣ್ಣ ತುಂಗ್ ಎಣ್ಣೆಯಲ್ಲೇ ಆ ಕೆಲಸ ನಡೆದು ಬಂದಿದೆ. ಒಬ್ಬ ಹಿರಿಯ ಮೇಸ್ತ್ರಿಯ ಕೈಕೆಳಗೆ ಹಲವರು ದುಡಿಯುತ್ತಾರೆ. ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗುತ್ತದೆ. ಉಕ್ಕಿನ ದೋಣಿಗಳು ಬಂದವು, ಒಳ್ಳೆಯ ಮರ ಸಿಗದಾಯಿತು. 2010ರಲ್ಲಿ ಯುನೆಸ್ಕೊ ಇದನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಆಗ ಇಡೀ ವಿದ್ಯೆಯನ್ನು ಪೂರ್ತಿಯಾಗಿ ಬಲ್ಲ ಮೇಸ್ತ್ರಿಗಳು ಉಳಿದಿದ್ದವರು ಮೂವರೇ.